ಸೋಂದೆಯ ಮೂರು ಮಠ, ಬೋರ್ಡಿನ ಮೇಲೆ ಮೂರು ಕಾಲಂ

ಸಿರಸಿ ಕಡೆಯ ಹೈಸ್ಕೂಲು ಮಕ್ಕಳಿಗೆ ದರ್ಶನಗಳ ಪಾಠವನ್ನು ನಾನು ಸೋಂದೆಯಿಂದಲೇ ಶುರು ಮಾಡುತ್ತೇನೆ. ಸ್ವರ್ಣವಲ್ಲಿಯದು ಅದ್ವೈತ, ವಾದಿರಾಜ ಮಠದ್ದು ದ್ವೈತ, ಅಲ್ಲೇ ದಿಗಂಬರ ಜೈನ ಮಠವೂ ಇದೆ. ಆಚಾರ್ಯರ ಊರು, ಕೃತಿ ಬಾಯಿಪಾಠವಾದರೆ ಅಂಕ ಬರುತ್ತದೆ. ವಾದ ಯಾವುದರ ಮೇಲೆ ಎಂಬುದು ಮಾತ್ರ ತಲೆಗೆ ಹೋಗುವುದಿಲ್ಲ.

40 ನಿಮಿಷದ 3 ಪಿರಿಯಡ್ ಬೇಕು. ಬೋರ್ಡಿನಲ್ಲಿ ಮೂರು ಕಾಲಂ, ಮೂರಕ್ಕೂ ಅವೇ ಪ್ರಶ್ನೆ: ಜಗತ್ತು ನಿಜವೇ? ಜೀವನಿಗೂ ದೇವರಿಗೂ ಏನು ಸಂಬಂಧ? ಬಿಡುಗಡೆ ಹೇಗೆ?

ಅದ್ವೈತದ ಕೆಳಗೆ ಮಕ್ಕಳು ತಪ್ಪದೆ ‘ಜಗತ್ತು ಸುಳ್ಳು’ ಎಂದು ಬರೆಯುತ್ತಾರೆ. ಅಲ್ಲಿ ನಿಲ್ಲಿಸಬೇಕು. ಮಿಥ್ಯೆ ಎಂದರೆ ಮೊಲದ ಕೊಂಬಿನ ಹಾಗೆ ಇಲ್ಲವೇ ಇಲ್ಲ ಎಂದಲ್ಲ. ಮಬ್ಬಿನಲ್ಲಿ ಹಗ್ಗ ಹಾವಾಗಿ ಕಂಡಂತೆ. ಬೆಳಕು ಬರುವ ತನಕ ಹೆದರಿಕೆ ನಿಜವೇ. ದ್ವೈತದಲ್ಲಿ ಪಂಚಭೇದ: ಈಶ್ವರ-ಜೀವ, ಈಶ್ವರ-ಜಡ, ಜೀವ-ಜೀವ, ಜೀವ-ಜಡ, ಜಡ-ಜಡ. ಕೊನೆಯದಕ್ಕೆ ಮೇಜಿನ ಮೇಲೆ ಎರಡು ಅಡಿಕೆ ಇಟ್ಟರಾಯಿತು. ಎರಡನೇ ಪ್ರಶ್ನೆ ಜೈನ ಕಾಲಮ್ಮಿಗೆ ಹೊಂದುವುದೇ ಇಲ್ಲ, ಅಲ್ಲಿ ಸೃಷ್ಟಿಕರ್ತನೇ ಇಲ್ಲ. ಆ ಮನೆ ಖಾಲಿ ಬಿಟ್ಟು, ಯಾಕೆ ಖಾಲಿ ಎಂದು ಕೆಳಗೆ ಬರೆಸುತ್ತೇನೆ. ಇಡೀ ಪಾಠದಲ್ಲಿ ಅತಿ ಹೆಚ್ಚು ಕಲಿಸುವ ಮನೆ ಅದೇ.

ಜೈನರ ಅನೇಕಾಂತವಾದಕ್ಕೆ (ಒಂದೇ ವಸ್ತುವಿಗೆ ಹಲವು ಮುಖ ಎಂಬ ವಾದ) ಕುರುಡರು-ಆನೆ ಕಥೆಯೊಂದನ್ನೇ ಹೇಳಬೇಡಿ. ‘ಎಲ್ಲ ಮತವೂ ಒಂದೇ’ ಎಂದು ಮುಗಿಸಿಬಿಡುತ್ತಾರೆ. ಒಂದು ಮಾತು ಯಾವ ದೃಷ್ಟಿಯಿಂದ ನಿಜ ಎಂದು ಕೇಳುವುದು ಈ ವಾದದ ಜೀವಾಳ.

ಮೂರನೇ ಪಿರಿಯಡ್ ನೀತಿಗೆ. ಗೃಹಸ್ಥರ ಹಿಂಸೆಯನ್ನು ಜೈನರು ನಾಲ್ಕಾಗಿ ವಿಂಗಡಿಸುತ್ತಾರೆ: ಬೇಕೆಂದೇ ಮಾಡುವ ಸಂಕಲ್ಪಿ, ಮನೆಗೆಲಸದ ಆರಂಭಿ, ಕಸುಬಿನ ಉದ್ಯೋಗಿ, ರಕ್ಷಣೆಗಾಗಿ ವಿರೋಧಿ. ಸಂಕಲ್ಪಿಯನ್ನು ಪೂರ್ತಿ ಬಿಡಬೇಕು, ಉಳಿದವನ್ನು ಆದಷ್ಟು ಕಡಿಮೆ ಮಾಡಬೇಕು. ಈಗ ಚೀಟಿ ಕೊಡಿ: ಅಡಿಕೆಗೆ ಕೊಳೆಮದ್ದು ಹೊಡೆಯುವುದು, ತೋಟಕ್ಕೆ ನುಗ್ಗಿದ ಮಂಗ ಓಡಿಸುವುದು, ಕಾಡುಹಂದಿಗೆ ಉರುಳು ಹಾಕುವುದು. ಮೊದಲೆರಡು ಬೇಗ ಮುಗಿಯುತ್ತವೆ. ಉರುಳಿನ ಮೇಲೆ ಗಂಟೆ ಹೊಡೆದರೂ ಜಗಳ ನಿಲ್ಲುವುದಿಲ್ಲ: ಹಂದಿ ಇನ್ನೂ ಬಂದೇ ಇಲ್ಲ, ಹಾಗಾದರೆ ಅದು ವಿರೋಧಿಯೋ ಸಂಕಲ್ಪಿಯೋ?

ಭಾಷೆಯಲ್ಲಿ ಒಂದು ಕಟ್ಟುನಿಟ್ಟು: ‘ನಾವು ನಂಬುತ್ತೇವೆ’ ಬೇಡ, ‘ಮಾಧ್ವರ ಪ್ರಕಾರ’ ಎನ್ನಿ. ಸರ್ಕಾರಿ ಶಾಲೆಯಲ್ಲಿ ಧಾರ್ಮಿಕ ಬೋಧನೆಯನ್ನು ಸಂವಿಧಾನದ 28ನೇ ವಿಧಿ ತಡೆಯುತ್ತದೆ; ಧರ್ಮಗಳ ಬಗ್ಗೆ ತಿಳಿಸುವುದನ್ನಲ್ಲ, 2002ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ಮಠಗಳಿಗೆ ಕರೆದೊಯ್ಯುವುದಾದರೆ ಪಾಲಕರ ಒಪ್ಪಿಗೆ ಪತ್ರ ಮೊದಲೇ ತರಿಸಿ; ತೀರ್ಥ-ಪ್ರಸಾದ ಮಕ್ಕಳ ಇಷ್ಟಕ್ಕೆ ಬಿಡಿ.

ಉತ್ತರಕ್ಕೆ 10 ಅಂಕ: ಆ ಮತದವರೇ ಓದಿ ‘ಹೌದು, ನಮ್ಮ ಮಾತು ಇದೇ’ ಎನ್ನುವಂತೆ ವಿವರಿಸಿದರೆ 4, ಎದುರು ವಾದಕ್ಕೆ 4, ಸ್ವಂತ ಅಭಿಪ್ರಾಯಕ್ಕೆ 2.