ಕ್ರಾಲರ್ ಗಾಡಿಗೆ ಬಾಳಿಕೆ ಬರುವ ರಾಡ್ ಎಂಡ್ ಆರಿಸುವುದು ಹೇಗೆ

ಹುಬ್ಬಳ್ಳಿ ಹೊರಗೆ ಒಂದು ಹಳೇ ಕಲ್ಲಿನ ಖಣಿ ಇದೆ. ಭಾನುವಾರ ಬೆಳಿಗ್ಗೆ ಅಲ್ಲಿ ನನ್ನ ರಾಕ್ ಕ್ರಾಲರ್, ಅಂದರೆ ಕಲ್ಲು ಹತ್ತುವ ಸಣ್ಣ ರಿಮೋಟ್ ಗಾಡಿ, ಓಡಿಸುತ್ತಿದ್ದೆ. ಮೊಣಕಾಲೆತ್ತರದ ಕಲ್ಲು ಹತ್ತುವಾಗ ಹಿಂದಿನ ಎಡಗಾಲಿ ಸಂದಿಯಲ್ಲಿ ಸಿಕ್ಕಿಕೊಂಡಿತು, ನಾನು ಸ್ವಲ್ಪ ಜಾಸ್ತಿನೇ ಥ್ರಾಟಲ್ ಒತ್ತಿದೆ, ಟಿಕ್ ಅಂತ ಸಣ್ಣ ಸದ್ದು. ಎತ್ತಿ ನೋಡಿದರೆ ಆಕ್ಸಲ್ ಓರೆಯಾಗಿ ನಿಂತಿದೆ. ವಾರದ ಹಿಂದಷ್ಟೇ ಹಾಕಿದ್ದ ಹೊಳೆಯುವ ಅಲ್ಯೂಮಿನಿಯಂ ರಾಡ್ ಎಂಡ್‌ಗೆ (ಆಕ್ಸಲನ್ನು ಚಾಸಿಗೆ ಜೋಡಿಸುವ ಲಿಂಕ್ ಅನ್ನುವ ಕಡ್ಡಿಯ ತುದಿಯ ಕೀಲು, ಅದರೊಳಗೆ ತೂತಿರುವ ಗುಂಡು ತಿರುಗುತ್ತದೆ) ಗೀರೂ ಬಿದ್ದಿರಲಿಲ್ಲ. ಅದನ್ನು ಹಿಡಿದಿದ್ದ ಆಕ್ಸಲ್ ಹೌಸಿಂಗಿನ ಕಿವಿಯೇ, ಅಂದರೆ ಸ್ಕ್ರೂ ಹಾಕುವ ಚಾಚೇ, ಕಿತ್ತು ಬಂದಿತ್ತು.

ರಾಡ್ ಎಂಡ್ ಬದಲಿಸಲು ಐದು ನಿಮಿಷ ಸಾಕು. ಹೌಸಿಂಗ್ ಬದಲಿಸಲು ಗಾಲಿ, ಗೇರ್, ಬೇರಿಂಗ್ ಎಲ್ಲ ಬಿಚ್ಚಬೇಕು, ಒಂದು ಸಂಜೆ ಹೋಯಿತು ಅಂತಲೇ ಲೆಕ್ಕ. ಅಂದಿನಿಂದ ನಾನು ರಾಡ್ ಎಂಡ್ ಆರಿಸುವ ರೀತಿಯೇ ಬದಲಾಗಿದೆ. ದಿನಾ ಬೀಳುವ ಪೆಟ್ಟು ತಡೆಯಬೇಕು, ಗುಂಡು ಬೇಗ ಸಡಿಲ ಆಗಬಾರದು, ಆದರೆ ನಿಜವಾಗಿ ದೊಡ್ಡ ಪೆಟ್ಟು ಬಿದ್ದರೆ ಮನೆಯ ಫ್ಯೂಸಿನ ಹಾಗೆ ಮೊದಲು ಅದೇ ಹೋಗಬೇಕು. ಇಲ್ಲಿ ಹೇಳುವುದೆಲ್ಲ 1/10 ಅಳತೆಯ ಗಾಡಿಗಳಿಗೆ, ಅಂದರೆ ಆಕ್ಸಿಯಲ್ ಎಸ್‌ಸಿಎಕ್ಸ್10, ಟ್ರಾಕ್ಸಾಸ್ ಟಿಆರ್‌ಎಕ್ಸ್-4 ತರಹದವುಗಳಿಗೆ.

ಮೊದಲು ಅಳತೆ. ಇದು ಅಂಗಡಿಗೆ ಹೋಗಿ ಕೇಳುವ ಸಾಮಾನಲ್ಲ. ನಾನು ಒಮ್ಮೆ ಬೇರಿಂಗ್ ಅಂಗಡಿಯಲ್ಲಿ ರಾಡ್ ಎಂಡ್ ಅಂದದ್ದಕ್ಕೆ ಮಷೀನಿಗೆ ಹಾಕುವ ಮುಷ್ಟಿಗಾತ್ರದ್ದನ್ನು ತೆಗೆದಿಟ್ಟರು, ನನ್ನ ಕೈಯಲ್ಲಿದ್ದ ಸ್ಯಾಂಪಲ್ ನೋಡಿ "ಇಷ್ಟ ಸಣ್ಣದು ಗಡಿಯಾರಕ್ಕ ಹಾಕ್ತೀರೇನ್ರಿ ಸರ?" ಅಂದರು. ಹಾಗಾಗಿ ಆನ್‌ಲೈನ್‌ನಲ್ಲೇ ತರಿಸಬೇಕು, ಕೈಯಲ್ಲಿ ಹಿಡಿದು ನೋಡಿ ಕೊಳ್ಳುವ ಭಾಗ್ಯ ಇಲ್ಲ, ಅಳತೆ ತಪ್ಪಿದರೆ ದುಡ್ಡು ದಂಡ. ಒಂದು ವರ್ನಿಯರ್ ಇಟ್ಟುಕೊಳ್ಳಿ.

ನೋಡಬೇಕಾದ ಅಳತೆ ನಾಲ್ಕು: ಥ್ರೆಡ್, ಗುಂಡಿನ ತೂತು, ಗುಂಡಿನ ಅಗಲ, ಗುಂಡಿನ ನಡುವಿನಿಂದ ರಾಡ್ ಎಂಡಿನ ಬುಡದವರೆಗಿನ ಉದ್ದ. ಥ್ರೆಡ್ ಎಂ3 ಅಥವಾ ಎಂ4, ಅಂದರೆ 3 ಅಥವಾ 4 ಮಿಮೀ ದಪ್ಪದ ಸ್ಕ್ರೂ ಹಿಡಿಯುವಂಥದ್ದು, ಇರುತ್ತದೆ. ಯಾವುದು ಅಂತ ಗೊತ್ತಾಗದಿದ್ದರೆ ಲಿಂಕಿನಿಂದ ಹೊರಗೆ ಬಂದ ಗ್ರಬ್ ಸ್ಕ್ರೂ (ತಲೆ ಇಲ್ಲದ ಸ್ಕ್ರೂ) ಮೇಲೆ ಹತ್ತು ಸುತ್ತು ಎಣಿಸಿ ಅಳೆಯಿರಿ. 5 ಮಿಮೀ ಬಂದರೆ ಎಂ3, 7 ಮಿಮೀ ಬಂದರೆ ಎಂ4. ತೂತು ಸಾಮಾನ್ಯವಾಗಿ 3 ಮಿಮೀ, ಎಂ3 ಸ್ಕ್ರೂ ಹೋಗುವಂಥದ್ದು. ಜನ ಎಡವುವುದು ಗುಂಡಿನ ಅಗಲದಲ್ಲಿ. ಆಕ್ಸಲ್ ಕಿವಿಗಳ ನಡುವಿನ ಜಾಗಕ್ಕಿಂತ ಅಗಲ ಕಡಿಮೆ ಇದ್ದರೆ ಸ್ಕ್ರೂ ಬಿಗಿ ಮಾಡಿದಂತೆಲ್ಲ ಕಿವಿ ಒಳಕ್ಕೆ ಬಾಗುತ್ತದೆ. ಆಮೇಲೆ ಒಂದು ದಿನ ಬಿರುಕು ಬಿಡುತ್ತದೆ. ತೆಳು ವಾಷರ್ ಹಾಕಿ ಸರಿದೂಗಿಸಬಹುದು, ಆದರೆ ಮೊದಲೇ ನೋಡಿ ತರಿಸಿದರೆ ಆ ರಗಳೆ ಇಲ್ಲ ಅಲ್ವಾ.

ಆಯ್ಕೆ ಇದ್ದರೆ ಎಂ4 ತಗೊಳ್ಳಿ. ಕಣ್ಣಿಗೆ 1 ಮಿಮೀ ವ್ಯತ್ಯಾಸ, ಆದರೆ ಬಾಗದೆ ತಡೆಯುವ ಬಲ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. ಥ್ರೆಡ್ಡಿನ ತಳದಲ್ಲಿ ಉಳಿಯುವ ದಪ್ಪ ಎಂ3ಗೆ ಸುಮಾರು 2.4, ಎಂ4ಗೆ ಸುಮಾರು 3.1 ಮಿಮೀ, ಲೆಕ್ಕ ಹಾಕಿದರೆ ಎರಡು ಪಟ್ಟಿಗೂ ಜಾಸ್ತಿ. ಕೆಳಗಿನ ಲಿಂಕುಗಳು ಕಲ್ಲಿನ ಮೇಲೆ ಜಾರುತ್ತಾ ಪೂರ್ತಿ ಗಾಡಿಯ ಭಾರ ಹೊರುತ್ತವೆ, ಅಲ್ಲಿ ಎಂ3 ಹಾಕಿದರೆ ಸ್ಕ್ರೂ ಬಾಳೆದಿಂಡಿನ ಹಾಗೆ ಬಾಗಿದ್ದನ್ನು ನಾನೇ ನೋಡಿದ್ದೇನೆ. ಮೇಲಿನ ಲಿಂಕಿಗೆ ಎಂ3 ಇದ್ದರೂ ನಡೆಯುತ್ತದೆ.

ಈಗ ಯಾವುದರಿಂದ ಮಾಡಿದ್ದು ಅನ್ನುವ ಪ್ರಶ್ನೆ. ನನ್ನ ಉತ್ತರ ಸರಳ: ಮೈ ನೈಲಾನ್, ಗುಂಡು ಸ್ಟೀಲ್. ನೈಲಾನ್ ಪೆಟ್ಟು ಬಿದ್ದಾಗ ಒಂಚೂರು ಬಾಗಿ ಮತ್ತೆ ಸರಿಯಾಗುತ್ತದೆ. ಡೆಲ್ರಿನ್ ಅನ್ನುವ ಇನ್ನೊಂದು ಪ್ಲಾಸ್ಟಿಕ್ ಜಾರುವುದಕ್ಕೆ ಇನ್ನೂ ನುಣುಪು, ಸವೆಯುವುದೂ ನಿಧಾನ. ಗಾಜಿನ ನಾರು ಸೇರಿಸಿದ ನೈಲಾನ್ ಗಟ್ಟಿ, ಆದರೆ ಬಾಗದೆ ಒಮ್ಮೆಲೇ ಚಟ್ ಅನ್ನುತ್ತದೆ. ಅಲ್ಯೂಮಿನಿಯಂ ನೋಡಲು ಚಂದ, ಅಷ್ಟೇ. ಲೋಹದ ಮೇಲೆ ಲೋಹ ಉಜ್ಜಿ ನಾಲ್ಕು ವಾರಕ್ಕೇ ಗಡಗಡ ಅನ್ನಲು ಶುರು ಮಾಡುತ್ತದೆ, ಸವೆದ ಮೇಲೆ ಬಿಗಿ ಮಾಡಲು ದಾರಿಯೂ ಇಲ್ಲ. ಶೋಕೇಸಿನಲ್ಲಿ ಇಡುವ ಗಾಡಿಗಾದರೆ ಹಾಕಿಕೊಳ್ಳಿ.

ಗುಂಡು ಮಾತ್ರ ಸ್ಟೀಲೇ ಬೇಕು. ನೀರಿಗೆ ಇಳಿಸುವವರಾದರೆ ಸ್ಟೇನ್‌ಲೆಸ್. ಮೆತ್ತಗಿನ ಅಲ್ಯೂಮಿನಿಯಂ ಗುಂಡು ನಮ್ಮ ಕಡೆಯ ಗರಸಿಗೆ ಬಾಳುವುದಿಲ್ಲ. ಸಣ್ಣ ಹರಳು ಒಳಗೆ ಹೊಕ್ಕರೆ ಅರದ ಹಾಗೆ ಕೆಲಸ ಮಾಡುತ್ತದೆ. ಗದಗ, ಅಣ್ಣಿಗೇರಿ ಕಡೆಯ ಎರೆ ಮಣ್ಣಿನದು ಬೇರೆ ಕಾಟ: ಹಸಿ ಇದ್ದಾಗ ಹಿಟ್ಟಿನ ಹಾಗೆ ಗುಂಡಿನ ಸುತ್ತ ಮೆತ್ತಿಕೊಳ್ಳುತ್ತದೆ, ಒಣಗಿದ ಮೇಲೆ ಕಲ್ಲಾಗಿ ಜಾಯಿಂಟ್ ತಿರುಗಲು ಬಿಡುವುದಿಲ್ಲ.

ಹೆಸರು ಹೇಳಿ ಅಂದರೆ, ಟ್ರಾಕ್ಸಾಸ್ ರೇವೋ ಅನ್ನುವ ದೊಡ್ಡ ಗಾಡಿಗೆ ಮಾಡಿದ 5347 ನಂಬರಿನ ರಾಡ್ ಎಂಡನ್ನು ಕ್ರಾಲರ್ ಮಂದಿ ಎಷ್ಟೋ ವರ್ಷದಿಂದ ಬಳಸುತ್ತಾರೆ. ಎಂ4 ಥ್ರೆಡ್, ದಪ್ಪ ಮೈ. ಬೇರೆ ಕಂಪನಿಯವರೂ "ರೇವೋ ಮಾದರಿ" ಅಂತಲೇ ಮಾರುತ್ತಾರೆ. ಸ್ವಲ್ಪ ದಪ್ಪ ಜಾಸ್ತಿ, ಎಲ್ಲ ಕಿವಿಯಲ್ಲೂ ಕೂರುವುದಿಲ್ಲ. ಅಗಲ ನೋಡಿಕೊಂಡೇ ತರಿಸಿ.

ಪಾಕೀಟು ಬಂದ ಮೇಲೆ ಕೈಯಲ್ಲೇ ಒಂದು ಪರೀಕ್ಷೆ ಮಾಡಿ. ಗುಂಡನ್ನು ಬೆರಳಿನಿಂದ ಓರೆ ಮಾಡಿದರೆ ಸ್ವಲ್ಪ ಹಿಡಿತದಿಂದ ತಿರುಗಬೇಕು. ತನ್ನ ಭಾರಕ್ಕೇ ಜೋತು ಬಿದ್ದರೆ ಈಗಲೇ ಸಡಿಲ. ಕದಲದೇ ಇದ್ದರೆ ಗಾಡಿಯ ಸಸ್ಪೆನ್ಷನ್ ಬಿಗಿದುಕೊಳ್ಳುತ್ತದೆ. ಆಮೇಲೆ ಸ್ಕ್ರೂ ತೂರಿಸಿ ಎರಡೂ ಕಡೆ ಪೂರ್ತಿ ಓರೆ ಮಾಡಿ ನೋಡಿ. ಕ್ರಾಲರಿನ ಒಂದು ಗಾಲಿ ಮೇಲೆ, ಒಂದು ಕೆಳಗೆ ಹೋದಾಗ ಆಕ್ಸಲ್ ತುಂಬಾ ತಿರುಚುತ್ತದೆ, ಆಗ ರಾಡ್ ಎಂಡಿನ ಮೈ ಕಿವಿಗೆ ತಗುಲಬಾರದು, ಯಾಕೆಂದರೆ ತಗುಲಿದ ಕ್ಷಣದಿಂದ ಅದು ಸನ್ನೆಕೋಲಾಗಿ ಗುಂಡನ್ನು ಹೊರಗೆ ಎಬ್ಬುತ್ತದೆ. ಗುಂಡು ಪದೇ ಪದೇ ಕಳಚುವ ಗಾಡಿಯಲ್ಲಿ ಜಾಸ್ತಿ ಸಲ ಕಾರಣ ಇದೇ. ಗುಂಡಿನ ಎರಡೂ ಬದಿಗೆ ಉದ್ದ ಕುತ್ತಿಗೆ ಇರುವುದು ಸಿಕ್ಕರೆ ಒಳ್ಳೆಯದು.

ಬಾಗಿದ ರಾಡ್ ಎಂಡ್ ಸುಮ್ನೆ ಸ್ಟೈಲಿಗೆ ಹಾಕಬೇಡಿ. ನೆಟ್ಟಗಿರುವುದರಲ್ಲಿ ಬಲ ನೇರ ಹೋಗುತ್ತದೆ, ಬಾಗಿದ್ದರಲ್ಲಿ ಮೂಲೆಯ ಮೇಲೆ ಬೀಳುತ್ತದೆ. ಲಿಂಕ್ ಬೇರೆಲ್ಲೋ ತಗುಲುತ್ತಿದ್ದರೆ ಮಾತ್ರ ಅದು.

ಕೂರಿಸುವುದಕ್ಕೆ ಎರಡು ಮಾತು. ನೈಲಾನ್ ಒಣಗಿದರೆ ಪೆಡಸಾಗುತ್ತದೆ, ನೀರು ಕುಡಿದರೆ ಮುರಿಯದೆ ಬಾಗುವಂತಾಗುತ್ತದೆ. ಹೊಸದನ್ನು ಕುದಿಯುವ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಬಿಟ್ಟು, ಅದೇ ನೀರಿನಲ್ಲಿ ಆರಲು ಬಿಡಿ. ಹಳೇ ಡಬ್ಬಿ ಬಳಸಿ; ನಾನು ಚಹಾದ ಪಾತ್ರೆ ಬಳಸಿ ಅವ್ವನಿಂದ ಬೈಸಿಕೊಂಡಿದ್ದೇನೆ. ಡೆಲ್ರಿನ್‌ಗೆ ಇದರಿಂದ ಉಪಯೋಗ ಇಲ್ಲ. ಗುಂಡು ಬೇರೆ ಬಂದಿದ್ದರೆ ಬಿಸಿ ಇದ್ದಾಗಲೇ ಒತ್ತಿ ಕೂರಿಸಿ, ಸುಲಭವಾಗಿ ಹೋಗುತ್ತದೆ.

ಗ್ರಬ್ ಸ್ಕ್ರೂ ಪ್ಲಾಸ್ಟಿಕ್ಕಿನ ಒಳಗೆ ಕನಿಷ್ಠ 8 ಮಿಮೀ ಹೋಗಬೇಕು. ಎಂ4 ಅಂದರೆ ಹೆಚ್ಚು ಕಡಿಮೆ ಹನ್ನೆರಡು ಸುತ್ತು, ಎಣಿಸಿ. ಲಿಂಕ್ ಉದ್ದ ಮಾಡಬೇಕು ಅಂತ ರಾಡ್ ಎಂಡನ್ನು ಹೊರಗೆ ತಿರುಗಿಸಿ ನಾಲ್ಕೈದು ಸುತ್ತಿನಲ್ಲಿ ನಿಲ್ಲಿಸಬೇಡಿ, ಉದ್ದ ಲಿಂಕನ್ನೇ ತರಿಸಿ. ಪ್ಲಾಸ್ಟಿಕ್ ಕಡೆ ಥ್ರೆಡ್‌ಲಾಕ್ (ಸ್ಕ್ರೂ ಸಡಿಲ ಆಗದಂತೆ ಹಿಡಿಯುವ ಅಂಟು) ಬೇಡ, ಲೋಹದ ಲಿಂಕಿನ ಕಡೆ ಒಂದು ಹನಿ ಸಾಕು. ಎರಡೂ ತುದಿ ಕೂರಿಸಿದ ಮೇಲೆ ಲಿಂಕನ್ನು ಹಿಡಿದು ತಿರುಗಿಸಿ ನೋಡಿ, ಅತ್ತ ಇತ್ತ ಒಂಚೂರು ಆಡಬೇಕು.

ಗುಂಡಿಗೆ ಎಣ್ಣೆ, ಗ್ರೀಸ್ ಹಚ್ಚಬೇಡಿ. ಧೂಳು ಅದಕ್ಕೇ ಕಾಯುತ್ತಿರುತ್ತದೆ. ಹಳೇ ಟೂತ್ ಬ್ರಷ್ಷಿನಿಂದ ಉಜ್ಜಿದರೆ ಸಾಕು. ಅಂದ ಹಾಗೆ, ಕಲ್ಲು ಚೆನ್ನಾಗಿದೆ ಅಂತ ಕಪ್ಪತಗುಡ್ಡಕ್ಕೆ ಗಾಡಿ ಒಯ್ಯಬೇಡಿ, ಅದು 2019ರಿಂದ ವನ್ಯಜೀವಿ ಧಾಮ.

ಎಲ್ಲ ಒಮ್ಮೆಲೇ ಬದಲಿಸುವ ಅಗತ್ಯ ಇಲ್ಲ. ಹಿಂದಿನ ಕೆಳಗಿನ ಲಿಂಕುಗಳಿಂದ ಶುರು ಮಾಡಿ. ಜೇಬಿನ ಡಬ್ಬಿಯಲ್ಲಿ ಎರಡು ಹೆಚ್ಚುವರಿ ರಾಡ್ ಎಂಡ್, ಒಂದು ಎಂ4 ಗ್ರಬ್ ಸ್ಕ್ರೂ, 2 ಮತ್ತು 2.5 ಮಿಮೀ ಆಲನ್ ಕೀ ಇರಲಿ.