ನಿವೃತ್ತ ಗೆಳೆಯರ ವಾರದ ನಡಿಗೆ: ತಂಡ ಒಡೆಯದ ಹಾಗೆ ನಡೆಸುವುದು ಹೇಗೆ?

ಕೆಲಸದಿಂದ ನಿವೃತ್ತಿಯಾದ ಗೆಳೆಯರು ಸೇರಿ ವಾರಕ್ಕೊಂದು ದಿನ ನಡೆಯೋಣ ಎಂದು ಶುರು ಮಾಡುವುದು ಸುಲಭ. ಮೊದಲ ತಿಂಗಳು ಎಲ್ಲರೂ ಬರುತ್ತಾರೆ. ಆಮೇಲೆ ಒಬ್ಬರಿಗೆ ಮಂಡಿನೋವು, ಇನ್ನೊಬ್ಬರಿಗೆ ಏನೋ ಕೆಲಸ. ವರ್ಷ ತುಂಬುವಷ್ಟರಲ್ಲಿ ಜೋರಾಗಿ ನಡೆಯುವ ಇಬ್ಬರು ಮಾತ್ರ ಉಳಿದಿರುತ್ತಾರೆ. ಇಂಥ ತಂಡಗಳನ್ನು ತುಂಬ ನೋಡಿದ್ದೇನೆ. ಅವು ಮಳೆಗೆ ನಿಲ್ಲಲಿಲ್ಲ, ಜಗಳಕ್ಕೂ ಒಡೆಯಲಿಲ್ಲ. ನಿಧಾನಕ್ಕೆ ನಡೆಯುವವರು ಒಬ್ಬೊಬ್ಬರಾಗಿ, ಕಾರಣ ಹೇಳದೆ, ಬರುವುದನ್ನು ಬಿಟ್ಟರು. ಆದ್ದರಿಂದ ಈ ಲೇಖನದಲ್ಲಿ ಬಹುಪಾಲು ಮಾತು ವೇಗದ ಬಗ್ಗೆಯೇ ಇದೆ. ಉಳಿದ ಹಂತಗಳನ್ನು ಬೇಗ ಮುಗಿಸುತ್ತೇನೆ.

ಹಂತ 1: ದಿನ, ಹೊತ್ತು, ಜನ

ಒಂದೇ ದಿನ, ಒಂದೇ ಹೊತ್ತು, ಒಂದೇ ಜಾಗ. 'ಈ ವಾರ ಯಾವತ್ತು ಅನುಕೂಲ?' ಎಂದು ಪ್ರತಿ ವಾರ ಮೊಬೈಲ್ ಗ್ರೂಪಿನಲ್ಲಿ ಕೇಳಬೇಡಿ. ಕೇಳಿದರೆ ಅದು ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಬರಲಾಗದವರು ಮಾತ್ರ ಒಂದು ಮಾತು ತಿಳಿಸಲಿ, ಅಷ್ಟು ಸಾಕು. ನಾಲ್ಕರಿಂದ ಆರು ಜನ ಇದ್ದರೆ ಚೆಂದ. ಅದಕ್ಕಿಂತ ಜಾಸ್ತಿಯಾದರೆ ನಡಿಗೆ ಮೆರವಣಿಗೆಯಾಗುತ್ತದೆ. ಮುಂದಿನವರ ಮಾತು ಹಿಂದಿನವರಿಗೆ ಕೇಳಿಸುವುದಿಲ್ಲ.

ಹಂತ 2: ಒಂದು ಚೀಟಿ

ಹೃದಯದ ತೊಂದರೆ, ಇತ್ತೀಚೆಗೆ ಆದ ಆಪರೇಷನ್, ಪದೇಪದೇ ತಲೆಸುತ್ತು ಇದ್ದವರು ಶುರು ಮಾಡುವ ಮೊದಲು ತಮ್ಮ ಡಾಕ್ಟರ ಹತ್ತಿರ ಮಾತಾಡಿಕೊಳ್ಳಲಿ. ಇನ್ಸುಲಿನ್ ತೆಗೆದುಕೊಳ್ಳುವವರು, ಶುಗರ್ ಇಳಿಸುವ ಮಾತ್ರೆ ನುಂಗುವವರು ಜೇಬಿನಲ್ಲಿ ಗ್ಲೂಕೋಸ್ ಇಟ್ಟುಕೊಳ್ಳಲಿ. ಮೈ ನಡುಗಿ ಬೆವರು ಬಂದಾಗ ಹುಡುಕುತ್ತಾ ಹೋಗುವ ವಸ್ತು ಅದಲ್ಲ. ಪ್ರತಿಯೊಬ್ಬರ ಬಳಿಯೂ ಒಂದು ಚೀಟಿ ಇರಲಿ. ಹೆಸರು, ಮನೆಯವರ ಫೋನ್ ನಂಬರ್, ನುಂಗುವ ಮಾತ್ರೆಗಳು, ಆಗದ ಔಷಧಿ ಇಷ್ಟೇ ಬರೆದರೆ ಸಾಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಅದನ್ನು ಮೇಲುಗಡೆಯೇ ದಪ್ಪ ಅಕ್ಷರದಲ್ಲಿ ಬರೆಯಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ. ಇವೆಲ್ಲ ಮೊಬೈಲಲ್ಲೇ ಇವೆ ಎನ್ನುವವರಿದ್ದಾರೆ. ಆದರೆ ಲಾಕ್ ಆದ ಮೊಬೈಲನ್ನು ಗಾಬರಿಯಲ್ಲಿ ಬೇರೆಯವರು ತೆರೆಯಲಾಗುವುದಿಲ್ಲ, ಅಲ್ವಾ?

ಹಂತ 3: ದಾರಿ

ದಾರಿ ಎಷ್ಟು ಚೆಂದ ಎನ್ನುವುದಕ್ಕಿಂತ ಎಲ್ಲೆಲ್ಲಿ ಕೂರಬಹುದು ಎಂದು ಮೊದಲು ನೋಡಿ. ಬೆಂಚು ಇರಬೇಕು, ಶೌಚಾಲಯ ಇರಬೇಕು. ವಯಸ್ಸಾದ ಮೇಲೆ ಶೌಚಾಲಯ ಇಲ್ಲದ ದಾರಿಗೆ ಹೆದರಿ ನೀರನ್ನೇ ಕುಡಿಯದೆ ಬರುವವರು ಬಹಳ. ಮೊದಲೇ ವಯಸ್ಸಾದವರಿಗೆ ಬಾಯಾರಿಕೆ ಕಡಿಮೆ ಗೊತ್ತಾಗುತ್ತದೆ. ಅದರ ಮೇಲೆ ಬಿಪಿ ಮಾತ್ರೆ. ನೀರೂ ಕುಡಿಯದಿದ್ದರೆ ಬೆಂಚಿನಿಂದ ಏಳುವಾಗ ಕಣ್ಣು ಕತ್ತಲಿಟ್ಟುಕೊಳ್ಳುತ್ತದೆ.

ನನ್ನ ಖಚಿತ ಸಲಹೆ ಎಂದರೆ ಎಂಟರ ಅಂಕಿಯ ಆಕಾರದ ದಾರಿ. ನಡುವೆ ಸೇರುವ ಜಾಗ, ಈ ಕಡೆ ಒಂದು ಸುತ್ತು, ಆ ಕಡೆ ಒಂದು ಸುತ್ತು. ಒಂದು ಸುತ್ತಿಗೇ ಸಾಕು ಎನಿಸಿದವರು ನಡುವೆ ನಿಲ್ಲಬಹುದು. ಅರ್ಧ ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುವ ಭಯ ಇರುವುದಿಲ್ಲ. ಹೋದ ದಾರಿಯಲ್ಲೇ ವಾಪಸ್ ಬರುವ ನಡಿಗೆಯಾದರೆ, ತುದಿ ಮುಟ್ಟಲೇಬೇಕು ಎನ್ನುವ ಹಟ ಬೇಡ. ಗಡಿಯಾರ ನೋಡಿ ಅರ್ಧ ಹೊತ್ತು ಆದ ಕೂಡಲೇ ತಿರುಗಿ.

ರಸ್ತೆ ದಾಟುವ ಜಾಗಗಳನ್ನೂ ಲೆಕ್ಕ ಹಾಕಿ. ಅನೇಕ ದೇಶಗಳಲ್ಲಿ ಪಾದಚಾರಿ ಸಿಗ್ನಲ್‌ನ ಸಮಯವನ್ನು ಸೆಕೆಂಡಿಗೆ 1.2 ಮೀಟರ್ ನಡಿಗೆ ಎಂದು ಇಟ್ಟುಕೊಂಡು ನಿಗದಿ ಮಾಡಿರುತ್ತಾರೆ. ಆ ವೇಗದಲ್ಲಿ 10 ಮೀಟರ್ ರಸ್ತೆ ದಾಟಲು ಎಂಟು ಸೆಕೆಂಡ್ ಚಿಲ್ಲರೆ ಬೇಕು. ಸೆಕೆಂಡಿಗೆ 0.8 ಮೀಟರ್ ನಡೆಯುವವರಿಗೆ ಹನ್ನೆರಡೂವರೆ ಸೆಕೆಂಡ್ ಬೇಕು. ಅಂದರೆ ರಸ್ತೆಯ ಮಧ್ಯದಲ್ಲಿ ಇರುವಾಗಲೇ ದೀಪ ಬದಲಾಗುತ್ತದೆ. ಅಂಥ ದಾಟು ಇದ್ದರೆ ದಾರಿಯನ್ನೇ ಬದಲಿಸಿ. ಫುಟ್‌ಪಾತ್ ಇಲ್ಲದ ಕಡೆ ಎದುರಿನಿಂದ ವಾಹನ ಬರುವ ಬದಿಯಲ್ಲಿ, ಒಬ್ಬರ ಹಿಂದೆ ಒಬ್ಬರು ನಡೆಯಿರಿ.

ಹಂತ 4: ಶೂ, ಕೋಲು, ಬೇಡದ ಸಾಮಾನು

ಶೂ ಕೊಳ್ಳಲು ಸಂಜೆ ಹೋಗಿ. ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ. ವಯಸ್ಸಾದಂತೆ ಪಾದ ಅಗಲವೂ ಆಗುತ್ತದೆ, ಆದ್ದರಿಂದ ಹಳೆಯ ಅಳತೆ ಹೇಳಬೇಡಿ. ನಿಂತು ಅಳೆಸಿ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಇರಲಿ, ಹಿಮ್ಮಡಿ ಜಾರಬಾರದು. ದಿಂಬಿನಂಥ ಮೆತ್ತನೆಯ ದಪ್ಪ ತಳದ ಶೂಗಳನ್ನು 'ಹಿರಿಯರಿಗೆಂದೇ ಮಾಡಿದ್ದು' ಎಂದು ಮಾರುತ್ತಾರೆ. ಅಂಗಡಿಯಲ್ಲಿ ಸುಖ ಎನಿಸುತ್ತದೆ, ಆದರೆ ಕಾಲ ಕೆಳಗಿನ ನೆಲ ಸರಿಯಾಗಿ ಗೊತ್ತಾಗದೆ ತೂಗಾಡುವಂತಾಗುತ್ತದೆ. ಬೇಡ. ಹಿಮ್ಮಡಿಗೆ ಪಟ್ಟಿ ಇಲ್ಲದ ಚಪ್ಪಲಿಯಂತೂ ಬೇಡವೇ ಬೇಡ.

ಕೋಲು ಹಿಡಿಯುವವರಲ್ಲಿ ಬಹಳ ಜನ ನೋಯುವ ಕಾಲಿನ ಕಡೆಗೇ ಹಿಡಿಯುತ್ತಾರೆ. ಅದು ತಪ್ಪು. ಬಲ ಮಂಡಿ ನೋವಾದರೆ ಕೋಲು ಎಡಗೈಯಲ್ಲಿ ಇರಬೇಕು. ನೋವಿನ ಕಾಲು ಮುಂದೆ ಹೋಗುವಾಗ ಕೋಲೂ ಜೊತೆಗೆ ಹೋಗಬೇಕು. ಎತ್ತರ ನೋಡಲು ಶೂ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಡಿ. ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಸಮ ಬರಬೇಕು. ತುದಿಯ ರಬ್ಬರ್ ಸವೆದು ನುಣುಪಾಗಿದ್ದರೆ ಇವತ್ತೇ ಬದಲಿಸಿ.

ಕಾಲಿಗೆ ಕಟ್ಟುವ ತೂಕದ ಪಟ್ಟಿಗಳನ್ನು ಕೊಳ್ಳಬೇಡಿ, ನಡೆಯುವ ರೀತಿಯೇ ಕೆಡುತ್ತದೆ, ಕೀಲಿಗೂ ಭಾರ. ಹೆಜ್ಜೆ ಎಣಿಸುವ ಕೈಗಡಿಯಾರ ಇದ್ದವರು ಆ ಒಂದು ದಿನ ಅದರ ಲೆಕ್ಕ ಹೇಳದಿರಲಿ. ದಿನಕ್ಕೆ 10,000 ಹೆಜ್ಜೆ ಎನ್ನುವ ಗುರಿ 1960ರ ದಶಕದಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಸಾಧನವೊಂದರ ಮಾರಾಟದ ಜೊತೆ ಹಬ್ಬಿದ್ದು. ಡಾಕ್ಟರು ಪರೀಕ್ಷೆ ಮಾಡಿ ಕೊಟ್ಟ ಅಳತೆಯಲ್ಲ.

ಹಂತ 5: ವೇಗ

ತಂಡ ಒಡೆಯುವುದು ಇಲ್ಲೇ.

ಮೊದಲು ಒಂದು ವಿಷಯ ಎಲ್ಲರೂ ಒಪ್ಪಿಕೊಳ್ಳಬೇಕು. ವಾರದ ಈ ನಡಿಗೆ ವ್ಯಾಯಾಮಕ್ಕಾಗಿ ಅಲ್ಲ, ಗೆಳೆಯರ ಜೊತೆಗಾಗಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯ ಪ್ರಕಾರ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಬೇಕು. ವಯಸ್ಸಾದವರಿಗೆ ಅದರ ಜೊತೆ ವಾರದಲ್ಲಿ ಮೂರು ದಿನವಾದರೂ ಆಯ ತಪ್ಪದಂತೆ ನಿಲ್ಲುವ ಅಭ್ಯಾಸ, ಬಲ ಕೊಡುವ ವ್ಯಾಯಾಮ ಇರಬೇಕು. ಇಷ್ಟೆಲ್ಲ ಒಂದೇ ದಿನದಲ್ಲಿ ಮುಗಿಯುವುದಿಲ್ಲ. ಬೆವರು ಬರಬೇಕೆನ್ನುವವರು ಉಳಿದ ಆರು ದಿನ ಬೆವರಲಿ. ಇಲ್ಲವೇ ಆ ದಿನವೇ ಅರ್ಧ ಗಂಟೆ ಮೊದಲು ಬಂದು ತಮ್ಮ ಪಾಡಿಗೆ ಒಂದು ಸುತ್ತು ಬಿರುಸಾಗಿ ಹಾಕಿಕೊಂಡು ಸೇರಿಕೊಳ್ಳಲಿ. ಎಲ್ಲರೂ ಹೊರಟ ಮೇಲೆ ಯಾರೂ ಮುಂದೆ ಓಡಬಾರದು.

ಮುಂದೆ ಓಡಿದರೆ ಏನಾಗುತ್ತದೆ ನೋಡಿ. ಜೋರಾಗಿ ನಡೆಯುವವರು ಬೆಂಚು ತಲುಪಿ ಕೂರುತ್ತಾರೆ, ನೀರು ಕುಡಿಯುತ್ತಾರೆ, ಶೂ ಬಿಚ್ಚಿ ಕಾಲುಚೀಲ ಸರಿಮಾಡಿಕೊಳ್ಳುತ್ತಾರೆ. ಐದು ನಿಮಿಷದ ಮೇಲೆ ನಿಧಾನದವರು ಏದುಸಿರು ಬಿಡುತ್ತಾ ಬರುತ್ತಾರೆ. ಅವರು ಬೆಂಚಿನ ಬೆನ್ನಿಗೆ ಕೈ ಇಡುವಷ್ಟರಲ್ಲಿ ಕೂತವರು ಎದ್ದು 'ಬಂದ್ಯಾ? ಸರಿ, ಹೊರಡೋಣ' ಎನ್ನುತ್ತಾರೆ. ದಣಿದವರಿಗೆ ವಿರಾಮವೇ ಇಲ್ಲ, ದಣಿಯದವರಿಗೆ ಎರಡರಷ್ಟು. ಹೇಳಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ, ಅವರು ಕಾದದ್ದೂ ನಿಜ. ಆದರೆ ಇದೇ ನಾಲ್ಕು ವಾರ ನಡೆದರೆ ನಿಧಾನದವರು ಒಂದು ಮಾತು ಹೇಳುತ್ತಾರೆ: 'ನೀವು ಹೋಗ್ತಾ ಇರಿ, ನಾನು ನಿಧಾನಕ್ಕೆ ಬರ್ತೀನಿ.' ಈ ಮಾತು ಕಿವಿಗೆ ಬಿದ್ದ ಕೂಡಲೇ ನಿಂತುಬಿಡಿ. 'ಸರಿ' ಎಂದು ಮುಂದೆ ಹೋದಿರೋ, ಅವರು ಇನ್ನು ಹೆಚ್ಚು ದಿನ ಬರುವುದಿಲ್ಲ.

ಇದಕ್ಕೆ ಪರಿಹಾರ ಬಹಳ ಸರಳ. ವಿರಾಮದ ಲೆಕ್ಕ ಶುರುವಾಗುವುದು ಕೊನೆಯವರು ಕೂತ ಮೇಲೆ. ಏಳುವುದು ಅವರು 'ಹೋಗೋಣ' ಎಂದ ಮೇಲೆ. ಬಾಯಿಬಿಟ್ಟು ಎಲ್ಲರಿಗೂ ಹೇಳಿ ಇದನ್ನು ನಿಯಮ ಮಾಡಿಕೊಳ್ಳಿ.

ಇನ್ನು ಯಾರು ಎಲ್ಲಿ ನಡೆಯಬೇಕು? ನಿಧಾನದವರನ್ನು ಎಲ್ಲರಿಗಿಂತ ಮುಂದೆ ಬಿಡಬೇಕು ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬೆನ್ನ ಹಿಂದೆ ಹೆಜ್ಜೆ ಸದ್ದು ಕೇಳಿಸುತ್ತಿದ್ದರೆ ಅವರು ತಡಮಾಡುತ್ತಿದ್ದೇನೆ ಎಂದು ದಮ್ಮು ಕಟ್ಟಿ ನಡೆಯುತ್ತಾರೆ. ಅವರನ್ನು ಎರಡನೆಯ ಜಾಗದಲ್ಲಿ ಇರಿಸಿ. ಮುಂದೆ ತಾಳ್ಮೆಯ ಒಬ್ಬರು, ಪಕ್ಕದಲ್ಲೇ ಇವರು, ಹಿಂದೆ ಉಳಿದವರು. ಎಲ್ಲರಿಗಿಂತ ಜೋರಾಗಿ ನಡೆಯುವವರು ಕೊನೆಯಲ್ಲಿ. ಹಾಗಿದ್ದರೆ ಯಾರೂ ಹಿಂದೆ ಉಳಿಯುವ ಪ್ರಶ್ನೆಯೇ ಬರುವುದಿಲ್ಲ.

ವೇಗ ಸರಿಯಿದೆಯೇ ಎಂದು ತಿಳಿಯಲು ಯಾವ ಯಂತ್ರವೂ ಬೇಡ, ಮಾತಾಡಿಸಿ ನೋಡಿ. ಒಂದು ಪೂರ್ತಿ ವಾಕ್ಯವನ್ನು ಉಸಿರು ಕಡಿಯದೆ ಹೇಳಿದರೆ ಸರಿ. ಎರಡು ಮೂರು ಪದಕ್ಕೊಮ್ಮೆ ಉಸಿರು ಎಳೆದುಕೊಂಡರೆ ವೇಗ ಇಳಿಸಿ. 'ಸುಸ್ತಾಯ್ತಾ?' ಎಂದು ಮಾತ್ರ ಕೇಳಬೇಡಿ, ಯಾರೂ ಹೌದು ಎನ್ನುವುದಿಲ್ಲ. ಮೊಮ್ಮಕ್ಕಳ ಸುದ್ದಿ ಕೇಳಿ, ಉತ್ತರದಲ್ಲೇ ಗೊತ್ತಾಗುತ್ತದೆ. 'ಏನೋ, ಮುದುಕ ಆಗ್ಬಿಟ್ಯಾ?' ಎಂಬಂಥ ಮಾತು ಬೇಡ. ಸಲಿಗೆಯಲ್ಲೇ ಆಡಿದ್ದು, ನಿಜ. ಆದರೆ ನಿಜವಾಗಿಯೂ ಹಿಂದೆ ಬೀಳುತ್ತಿರುವವರಿಗೆ ಅದು ಚುಚ್ಚುತ್ತದೆ.

ಮೊದಲ ಹತ್ತು ನಿಮಿಷ ಎಲ್ಲರೂ ತಮ್ಮ ಅಭ್ಯಾಸಕ್ಕಿಂತ ನಿಧಾನ ನಡೆಯಲಿ, ಹಿಡಿದುಕೊಂಡ ಕೀಲು ಸಡಿಲವಾಗಲು ಅಷ್ಟು ಹೊತ್ತು ಬೇಕು. ಏರಿನಲ್ಲಿ ಉಸಿರು ಸೋಲುತ್ತದೆ, ಇಳಿಜಾರಿನಲ್ಲಿ ಮಂಡಿ. ಇಳಿಯುವಾಗ ಹೆಜ್ಜೆ ಚಿಕ್ಕದಿರಲಿ. ಓದುವ ಗಾಜು ಕೆಳಭಾಗದಲ್ಲಿರುವ ಕನ್ನಡಕ ಹಾಕುವವರಿಗೆ ಮೆಟ್ಟಿಲಿನ ಅಂಚು ಮಸುಕಾಗಿ ಕಾಣುತ್ತದೆ. ಅವರು ಮೆಟ್ಟಿಲ ಹತ್ತಿರ ತಲೆ ಬಗ್ಗಿಸಿ ಗಾಜಿನ ಮೇಲ್ಭಾಗದಿಂದ ನೋಡಲಿ, ಪಕ್ಕದವರು ಒಂದು ಕ್ಷಣ ಮಾತು ನಿಲ್ಲಿಸಲಿ.

ನಿಧಾನವಾಗುವುದೆಲ್ಲ ವಯಸ್ಸಿನಿಂದಲೇ ಅಲ್ಲ. ವಾರ ವಾರ ಅದೇ ದಾರಿಯಲ್ಲಿ ಜೊತೆಗೆ ನಡೆಯುವ ಗೆಳೆಯರಿಗೆ ಇದು ಮನೆಯವರಿಗಿಂತ ಮೊದಲೇ ಕಾಣುತ್ತದೆ. ಹೋದ ತಿಂಗಳು ಸಲೀಸಾಗಿ ಹತ್ತಿದ ಏರಿನಲ್ಲಿ ಈಗ ಎರಡು ಸಲ ನಿಲ್ಲುತ್ತಿದ್ದಾರೆ ಎಂದರೆ ಡಾಕ್ಟರಿಗೆ ತೋರಿಸಿ ಎಂದು ಪಕ್ಕಕ್ಕೆ ಕರೆದು ಹೇಳಿ. ನಡೆದರೆ ಮೀನಖಂಡ ಹಿಡಿದು, ನಿಂತ ಕೆಲವೇ ನಿಮಿಷದಲ್ಲಿ ನೋವು ಹೋದರೆ ಅದು ಕಾಲಿನ ರಕ್ತನಾಳ ಕಿರಿದಾಗಿರುವ ಸೂಚನೆ ಇರಬಹುದು. ನಿಂತರೆ ಹೋಗದೆ, ಕೂತರೆ ಅಥವಾ ಮುಂದಕ್ಕೆ ಬಾಗಿದರೆ ಮಾತ್ರ ಕಾಲುನೋವು ಕಡಿಮೆಯಾದರೆ ಬೆನ್ನುಮೂಳೆಯ ಕಡೆ ನೋಡಿಸಬೇಕು. ಎದೆ ಬಿಗಿತ, ದವಡೆಗೋ ತೋಳಿಗೋ ಹರಿಯುವ ನೋವು ಬಂದರೆ ಅಲ್ಲೇ ಕೂರಿಸಿ, ಆಂಬುಲೆನ್ಸ್ ಕರೆಸಿ. 'ಗ್ಯಾಸ್ ಇರ್ಬೇಕು, ಮನೆಗೆ ನಡೆದು ಹೋಗೋಣ' ಎನ್ನುವವರ ಮಾತು ಕೇಳಬೇಡಿ.

ಹಂತ 6: ನಡೆಯುತ್ತಾ ಮಾತು

ಕಿವಿ ಮಂದವಾದವರನ್ನು ಅಂಚಿಗೆ ಬಿಡಬೇಡಿ, ಚೆನ್ನಾಗಿ ಕೇಳಿಸುವ ಕಿವಿಯ ಕಡೆ ನಡೆಯಿರಿ. ಯಾರಾದರೂ ಮಾತಾಡಲು ನಡಿಗೆ ನಿಲ್ಲಿಸಿದರೆ ನೀವೂ ನಿಲ್ಲಿ. ಮಾತಿಗೆ ಉತ್ತರ ಕೊಡಲು ಹೆಜ್ಜೆ ನಿಲ್ಲಿಸುವ ವೃದ್ಧರು ಮುಂದೆ ಬೀಳುವ ಸಾಧ್ಯತೆ ಹೆಚ್ಚು ಎಂದು ಸ್ವೀಡನ್ನಿನ ಸಂಶೋಧಕರು 1997ರಲ್ಲೇ ತೋರಿಸಿದ್ದರು. ನಡಿಗೆ, ಮಾತು ಎರಡಕ್ಕೂ ಗಮನ ಬೇಕು. ಅಂಥವರನ್ನು ತೋಳು ಹಿಡಿದು ಎಳೆದುಕೊಂಡು ಹೋಗುತ್ತಾ ಕಥೆ ಮುಂದುವರಿಸುವುದು ಬೇಡ.

ಹಂತ 7: ಯಾರಾದರೂ ಬಿದ್ದರೆ

ನೋಡಿದವರೆಲ್ಲ ಮಾಡುವುದು ಒಂದೇ. ಕಂಕುಳಿಗೆ ಕೈ ಹಾಕಿ ದಡಬಡ ಎತ್ತುತ್ತಾರೆ. ಎತ್ತಬೇಡಿ. ಒಂದು ನಿಮಿಷ ಹಾಗೇ ಬಿಡಿ. ಸೊಂಟದ ಸಂದಿನಲ್ಲಿ ಜೋರು ನೋವಿದ್ದು, ಒಂದು ಕಾಲು ಗಿಡ್ಡವಾದಂತೆ, ಪಾದ ಹೊರಕ್ಕೆ ತಿರುಗಿದಂತೆ ಕಂಡರೆ ಮೂಳೆ ಮುರಿದಿರಬಹುದು. ಅಲುಗಿಸದೆ ಆಂಬುಲೆನ್ಸ್ ಕರೆಸಿ. ಏನೂ ಇಲ್ಲವೆಂದು ಖಾತ್ರಿಯಾದರೆ ಅವರೇ ಮಗ್ಗುಲಾಗಲಿ, ಅಂಗೈ ಮಂಡಿ ಊರಿ ಬೆಂಚಿನ ತನಕ ಬರಲಿ, ಬೆಂಚಿನ ಮೇಲೆ ಕೈ ಊರಿ ಬಲವಿರುವ ಕಾಲು ಮುಂದಿಟ್ಟು ಏಳಲಿ. ನೀವು ಪಕ್ಕದಲ್ಲಿ ಆಸರೆಗೆ ಮಾತ್ರ.

ತಲೆಗೆ ಪೆಟ್ಟು ಬಿದ್ದು, ಚೀಟಿಯಲ್ಲಿ ರಕ್ತ ತೆಳುವಾಗಿಸುವ ಮಾತ್ರೆ ಎಂದಿದ್ದರೆ, ನಗುನಗುತ್ತಾ ಎದ್ದು ಕೂತರೂ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಒಳಗಿನ ರಕ್ತಸ್ರಾವ ಗಂಟೆಗಳ ನಂತರ ಗೊತ್ತಾಗುವುದುಂಟು.

ಹಂತ 8: ವರ್ಷ ಕಳೆದಂತೆ

ದಾರಿ ಚಿಕ್ಕದಾಗುತ್ತದೆ. ಅದಕ್ಕೆ ಬೇಸರ ಬೇಡ. ಎರಡು ಸುತ್ತಿನ ಜಾಗದಲ್ಲಿ ಒಂದು ಸುತ್ತು, ಆಮೇಲೆ ಅರ್ಧ. ಆದರೆ ದಿನ, ಹೊತ್ತು, ಸೇರುವ ಜಾಗ ಬದಲಾಗಬಾರದು. ನಡೆಯಲಾಗದವರು ಸೀದಾ ಬೆಂಚಿನ ಹತ್ತಿರ ಬಂದು ಕೂರಲಿ, ನಡೆಯುವವರು ಅಲ್ಲಿಗೇ ಬಂದು ನಡಿಗೆ ಮುಗಿಸಲಿ. ಗಾಲಿಕುರ್ಚಿಯಲ್ಲಿ ಬರುವವರಿದ್ದರೆ ಮೆಟ್ಟಿಲಿಲ್ಲದ ದಾರಿ ಹುಡುಕುವುದು ತಂಡದ ಕೆಲಸ, ಅವರ ಕೆಲಸವಲ್ಲ.

ಹೇಳದೆ ಬಾರದವರಿಗೆ ಅವತ್ತೇ ಫೋನ್ ಮಾಡಿ. ಗ್ರೂಪಿನಲ್ಲಿ ಮೆಸೇಜ್ ಹಾಕಿ ಸುಮ್ಮನಾಗಬೇಡಿ. 'ಯಾಕೆ ಬರ್ಲಿಲ್ಲ?' ಎಂದು ಕೇಳಿದರೆ ನೆಪ ಹೇಳುತ್ತಾರೆ, ಸಂಗಾತಿಯನ್ನು ಕಳೆದುಕೊಂಡವರಂತೂ ಫೋನನ್ನೇ ಎತ್ತದಿರಬಹುದು. 'ಮುಂದಿನ ವಾರ ನಿಮ್ಮನೆ ಹತ್ರಾನೇ ಬರ್ತೀನಿ, ಒಟ್ಟಿಗೆ ಹೋಗೋಣ' ಎನ್ನಿ. ಹೇಳಿದ ಮೇಲೆ ಅವತ್ತು ಹದಿನೈದು ನಿಮಿಷ ಮೊದಲೇ ಅವರ ಬಾಗಿಲಿಗೆ ಹೋಗಿ. ಶೂ ಹಾಕಿಕೊಳ್ಳಲು ಅವರಿಗೆ ಅಷ್ಟು ಹೊತ್ತು ಬೇಕಾಗುತ್ತದೆ.