ಡಾಲಿಯ ಗಡಿಯಾರ ಕಕ್ಕಡದ ಮಳೆಗೆ ಸಿಕ್ಕರೆ: ಅಣಕು ಕಾರ್ಟೂನ್ ಬರೆಯುವ ಬಗೆ

ಅಣಕಿಸುವ ಮೊದಲು ಮೂಲ ಚಿತ್ರವನ್ನು ಕಣ್ಣಿಟ್ಟು ನೋಡಿ. ಸ್ಪೇನಿನ ಚಿತ್ರಕಾರ ಸಾಲ್ವಡಾರ್ ಡಾಲಿ 1931ರಲ್ಲಿ ಬರೆದ 'ದಿ ಪರ್ಸಿಸ್ಟೆನ್ಸ್ ಆಫ್ ಮೆಮೊರಿ' ಎಲ್ಲರಿಗೂ ಗೊತ್ತು, ಅದೇ ಕರಗಿ ಜೋತುಬಿದ್ದ ಗಡಿಯಾರಗಳದ್ದು. ಆದರೆ ಅಲ್ಲಿ ಕರಗಿರುವುದು ಮೂರೇ. ನಾಲ್ಕನೆಯದು ಮುಚ್ಚಳ ಹಾಕಿದ ಗಟ್ಟಿ ಗಡಿಯಾರ, ಅದಕ್ಕೆ ಇರುವೆ ಮುತ್ತಿದೆ. ಕಾರ್ಟೂನಿಗೆ ಬೇಕಾದ ತಮಾಷೆ ಸಿಗುವುದು ಇಂಥ ಸಣ್ಣ ಜಾಗಗಳಲ್ಲೇ.

ಈಗ ನಮ್ಮ ಕಡೆ ಬನ್ನಿ. ಕಕ್ಕಡದಲ್ಲಿ, ಅಂದರೆ ಜೋರು ಮಳೆಯ ಕೊಡವ ತಿಂಗಳಲ್ಲಿ, ಕೊಡಗಿನ ಮನೆಗಳಲ್ಲಿ ಬಟ್ಟೆ ವಾರವಾದರೂ ಒಣಗುವುದಿಲ್ಲ, ಒಲೆ ಮೇಲಿನ ಹಗ್ಗದಲ್ಲಿ ಸಾಕ್ಸು, ಟವೆಲ್, ಮಕ್ಕಳ ಯೂನಿಫಾರ್ಮ್ ಎಲ್ಲ ನೇತಾಡುತ್ತಿರುತ್ತವೆ, ಅಲ್ವಾ? ಡಾಲಿಯ ಒಣಮರದ ಕೊಂಬೆಗೆ ಅಂಥದ್ದೇ ಒಂದು ಹಗ್ಗ ಕಟ್ಟಿ, ಗಡಿಯಾರಗಳನ್ನು ಕ್ಲಿಪ್ ಹಾಕಿ ಒಣಗಿಸಿ, ಕೆಳಗೊಂದು ಒಲೆ ಉರಿಸಿ. ಇರುವೆಗಳನ್ನು ತೋಟದ ಕೆಂಜಿರುವೆ ಮಾಡಿ. ಕಾಫಿ ಕುಯ್ದವರಿಗೆ ವಿವರಿಸುವ ಅಗತ್ಯವೇ ಇಲ್ಲ.

ಇಷ್ಟು ಸಾಕು, ಉಳಿದದ್ದನ್ನು ಮುಟ್ಟಬೇಡಿ. ಹಿಂದೆ ಕಾಣುವ ಬಂಡೆಗಳು ಡಾಲಿಯ ಕ್ಯಾಟಲೋನಿಯಾ ಕರಾವಳಿಯವು. ಅವನ್ನೂ ನಮ್ಮ ತಡಿಯಂಡಮೋಳ್ ಬೆಟ್ಟ ಮಾಡಿಬಿಟ್ಟರೆ ಇದು ಯಾವ ಚಿತ್ರದ ಅಣಕು ಅಂತಲೇ ತಿಳಿಯುವುದಿಲ್ಲ.

ಮೂಲ ಚಿತ್ರ ಬರೀ 24 x 33 ಸೆಂ.ಮೀ., ಎ4 ಹಾಳೆಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಹಾಗಾಗಿ ದೊಡ್ಡ ಡ್ರಾಯಿಂಗ್ ಶೀಟ್ ಬೇಡ. ಗಡಿಯಾರವನ್ನು ಮೊದಲು ಪೆನ್ಸಿಲ್‌ನಲ್ಲಿ ಉದ್ದನೆಯ ಮೊಟ್ಟೆಯಾಕಾರದಲ್ಲಿ ಬರೆಯಿರಿ. ಕ್ಲಿಪ್ ಹಾಕಿದ ಕಡೆ ಹಿಡಿದೆಳೆದಂತೆ ಸಣ್ಣಗಿರಲಿ, ಭಾರವೆಲ್ಲ ಕೆಳಗಿಳಿದು ಅಲ್ಲಿ ಅಂಚು ದಪ್ಪವಾಗಲಿ. 12 ಪುಟ್ಟದಾಗಿ, 6 ಉದ್ದಕ್ಕೆ ಹಿಗ್ಗಿರಬೇಕು. ಮುಳ್ಳುಗಳೂ ಬಾಗಲೇಬೇಕು, ನೆಟ್ಟಗೆ ಬರೆದರೆ ಗಡಿಯಾರ ಕರಗಿದಂತಲ್ಲ, ಜಜ್ಜಿ ಹೋದಂತೆ ಕಾಣುತ್ತದೆ. ಆಮೇಲೆ ನೀರಿಗೆ ಹರಡದ ಶಾಯಿಯಲ್ಲಿ ಗೆರೆ ತಿದ್ದಿ, ಅದು ಪೂರ್ತಿ ಒಣಗಿದ ಮೇಲೆ ವಾಟರ್ ಕಲರ್ ಹಚ್ಚಿ. ಮಳೆಗಾಲದಲ್ಲಿ ಕಾಗದ ತಂಡಿ ಹಿಡಿದು ಮೆತ್ತಗಾಗಿ ಶಾಯಿ ಒಡೆಯುತ್ತದೆ, ಅದಕ್ಕೆ ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲೇ ಇಡಿ.

ಬೆಲ್ಜಿಯಂನ ಚಿತ್ರಕಾರ ರೆನೆ ಮ್ಯಾಗ್ರಿಟ್‌ನ 'ಗೋಲ್ಕೊಂಡ' (1953) ಮಡಿಕೇರಿಗೆ ಹೇಳಿ ಮಾಡಿಸಿದ್ದು. ಕೋಟು, ಬೌಲರ್ ಟೋಪಿ ಹಾಕಿದ ಗಂಡಸರು ಮಳೆಹನಿಗಳ ಹಾಗೆ ಆಕಾಶದ ತುಂಬಾ ನಿಂತಿದ್ದಾರೆ, ಹಿಂದೆ ಕೆಂಪು ಮಾಡಿನ ಕಟ್ಟಡಗಳು. ಎಲ್ಲರ ಕೈಗೂ ಕೊಡೆ ಕೊಡಿ, ಒಬ್ಬನ ಕೊಡೆ ಮಾತ್ರ ಗಾಳಿಗೆ ಉಲ್ಟಾ ಆಗಿರಲಿ. ಮುಖದಲ್ಲಿ ನಗು, ಗಾಬರಿ ಏನೂ ಬೇಡ. ಮ್ಯಾಗ್ರಿಟ್ ಎಷ್ಟೇ ವಿಚಿತ್ರವಾದದ್ದನ್ನೂ ಸಹಜವಾಗಿಯೇ ಬರೆದವನು, ಆ ಗಾಂಭೀರ್ಯ ಹೋದರೆ ಅಣಕೂ ಸಪ್ಪೆಯಾಗುತ್ತದೆ. ಅವನದೇ 'ದಿ ಸನ್ ಆಫ್ ಮ್ಯಾನ್' (1964) ಚಿತ್ರದಲ್ಲಿ ಮುಖಕ್ಕೆ ಅಡ್ಡ ಬಂದ ಹಸಿರು ಸೇಬಿನ ಜಾಗಕ್ಕೆ ಕೊಡಗಿನ ಕಿತ್ತಳೆ ಇಡುವ ಆಸೆ ಎಲ್ಲರಿಗೂ ಬರುತ್ತದೆ. ಸುಮ್ನೆ ಹಣ್ಣು ಬದಲಾದರೆ ಅದರಲ್ಲಿ ಮಜಾ ಇಲ್ಲ.

ಡಾಲಿಯ ಸಹಿಯನ್ನು ನಕಲು ಮಾಡಬೇಡಿ. 'ಡಾಲಿ ಚಿತ್ರದ ಅಣಕು' ಅಂತ ಕೆಳಗೆ ಬರೆದು ನಿಮ್ಮ ಸಹಿ ಹಾಕಿ. ಮಾರುವ ಯೋಚನೆ ಇದ್ದರೆ ಹಕ್ಕುಸ್ವಾಮ್ಯದ ಬಗ್ಗೆ ತಿಳಿದವರನ್ನು ಮೊದಲೇ ಕೇಳಿಕೊಳ್ಳಿ. ಡಾಲಿ ತೀರಿಕೊಂಡಿದ್ದು 1989ರಲ್ಲಿ, ನಮ್ಮ ಕಾಯ್ದೆಯಲ್ಲಿ ಕಲಾವಿದ ಸತ್ತ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ.